ಬುಸ್‌ಕಾರಿನ ಮಾಯಣ್ಣನೂ ಒಂದು ಹಿಡಿ ನಾರೂ

ಮಾಯಣ್ಣ ಬಾನೆಟ್ ಎತ್ತುವ ಹೊತ್ತಿಗೆ ತಿಪಟೂರಿನ ಹುಳಿಯಾರು ರಸ್ತೆಯಲ್ಲಿ ಹಾಲಿನ ಸೈಕಲ್ಲು ಬಿಟ್ಟರೆ ಇನ್ನೇನೂ ಓಡಾಡುತ್ತಿರುವುದಿಲ್ಲ. ತೆಂಗಿನ ಗರಿ ಹೊದಿಸಿದ ಶೆಡ್ಡು, ಒಳಗೆ ಬಿಳಿ ಬಣ್ಣದ ಜಪಾನ್ ಕಾರು. ಆಯಿಲ್ ಕಡ್ಡಿಯನ್ನು ಎಳೆದು, ಒರೆಸಿ, ಮತ್ತೆ ಅದ್ದಿ, ಬೆಳಕಿಗೆ ಹಿಡಿದು ನೋಡುತ್ತಾನೆ. ಆಮೇಲೆ ಸ್ಟಾರ್ಟ್ ಮಾಡಿ ಸುಮ್ಮನೆ ಕೂರುತ್ತಾನೆ. ಎಂಜಿನ್ ಹದಕ್ಕೆ ಬಂದ ಮೇಲೆ ಈಡೇನಹಳ್ಳಿ ಕಡೆಗೊಂದು ಸುತ್ತು ಹೋಗಿಬರುತ್ತಾನೆ. ವಾಪಸು ಬಂದವನು ತಟ್ಟಂತ ಆಫ್ ಮಾಡುವುದಿಲ್ಲ. ಎಲೆಗೆ ಸುಣ್ಣ ಸವರಿ, ಅಡಿಕೆ ಇಟ್ಟು, ಬಾಯಿಗೆ ಹಾಕಿಕೊಳ್ಳುತ್ತಾನೆ. ಆ ಎಲೆಅಡಿಕೆ ಅಗಿದು ಮುಗಿದ ಮೇಲೇ ಕೀಲಿ ತಿರುಗುವುದು.

"ಓಡಿ ಬಂದ ಎತ್ತಿಗೆ ದಬಕ್ಕನೆ ನೀರು ಕುಡಿಸ್ತಾರಾ? ಇದೂ ಹಂಗೇ ಕಣ್ರೀ. ಒಂಚೂರು ಉಸಿರಾಡ್ಕಬೇಕು" ಅನ್ನುತ್ತಾನೆ.

ಊರಿನವರಿಗೆ ಇದು ಬುಸ್‌ಕಾರು. ವೇಗ ಹೆಚ್ಚಿಸಿ ಕಾಲು ಬಿಟ್ಟರೆ ಮುಂಭಾಗದಲ್ಲೆಲ್ಲೋ 'ಬುಸ್' ಅನ್ನುತ್ತದೆ, ಅದಕ್ಕೆ ಆ ಹೆಸರು. ದೆಹಲಿಯಲ್ಲಿ ಯಾವುದೋ ದೇಶದ ರಾಯಭಾರಿ ಕಚೇರಿಯವರು ಓಡಿಸಿ ಬಿಟ್ಟಿದ್ದನ್ನು ಬಿಳಿಗೆರೆಯ ಪರಮಶಿವಯ್ಯನವರು ಎಂಬತ್ತೈದರಲ್ಲಿ ಹರಾಜಿನಲ್ಲಿ ಹಿಡಿದು ತಂದರು. ತೆಂಗಿನ ತೋಟ, ಕೊಬ್ಬರಿ ಮಂಡಿ ಎರಡೂ ಇರುವ ಆಸಾಮಿ. ಅಂಬಾಸಿಡರ್ರೇ ದೊಡ್ಡಸ್ತಿಕೆ ಅನ್ನುವ ಸೀಮೆಗೆ, ನಾಲ್ಕೂ ಚಕ್ರ ಸೇರಿ ಎಳೆಯುವ, ಟರ್ಬೊ ಅನ್ನುವ ಗಾಳಿಯಂತ್ರ ಇರುವ ಕಾರು ಬಂದರೆ ಜನ ಸುಮ್ಮನಿರುತ್ತಾರೆಯೇ? ಮೊದಲ ವಾರವೆಲ್ಲ ಬಿಳಿಗೆರೆಯಲ್ಲಿ ಹೆಣ್ಣು ನೋಡಲು ಬಂದಂತೆ ಮಂದಿ ಬಂದು ನೋಡಿ ಹೋದರಂತೆ.

ಆ ಕಾರಿನ ಹೊಟ್ಟೆಯೊಳಗೆ ಕೈ ಹಾಕುವ ಧೈರ್ಯ ಇರುವುದು ಸುತ್ತಮುತ್ತ ಮಾಯಣ್ಣನೊಬ್ಬನಿಗೇ. ಎಲೆಮರೆಯ ಕಾಯಿಯಂಥ ಮನುಷ್ಯ, ಪತ್ರಿಕೆಗೆ ಬರೆಯಬೇಕು ಎಂದು ನಾವು ಹುಡುಕಿಕೊಂಡು ಹೋದರೆ ಆತ ತಲೆ ಎತ್ತುವುದೇ ಇಲ್ಲ. ಕಾರಿನ ಪಕ್ಕ ನಿಂತು ಒಂದು ಫೋಟೋ ಎಂದರೆ ಮಾರು ದೂರ ಸರಿಯುತ್ತಾನೆ. ಹೊಗಳಿದರೆ ಹಿಗ್ಗುವ ಜನ ನೋಡಿದ್ದೇವೆ, ಬೇಡಪ್ಪ ಎನ್ನುವವರನ್ನೂ ನೋಡಿದ್ದೇವೆ. ಹೊಗಳಿದರೆ ಬೈಸಿಕೊಂಡವನ ಹಾಗೆ ಮುಖ ಕೆಂಪಗೆ ಮಾಡಿಕೊಳ್ಳುವವನು ಇವನೊಬ್ಬ.

ಹುಟ್ಟೂರು ಅರಳಗುಪ್ಪೆ. ಅಪ್ಪನದು ಕುಲುಮೆ. ನೇಗಿಲ ಗುಳ, ಮಚ್ಚು, ತೆಂಗಿನಕಾಯಿ ಸುಲಿಯಲು ನೆಲಕ್ಕೆ ನೆಡುವ ಕಬ್ಬಿಣದ ಮೊನೆ, ಇವೇ ಮನೆಯ ಅನ್ನ. ಮಾಯಣ್ಣ ತಿದಿ ಒತ್ತುತ್ತಲೇ ಬೆಳೆದವನು. ಆರನೇ ಕ್ಲಾಸಿಗೆ ಶಾಲೆ ಬಿಟ್ಟು ಅರಸೀಕೆರೆಯ ಲಾರಿ ವರ್ಕ್‌ಶಾಪು ಸೇರಿದ. ಗ್ರೀಸು ಮೆತ್ತಿಸಿಕೊಂಡು, ಸ್ಪ್ಯಾನರಿನಲ್ಲಿ ಹೊಡೆಸಿಕೊಂಡು ಕೆಲಸ ಕಲಿತ. ಎಂಬತ್ತರ ಸುಮಾರಿಗೆ ತಿಪಟೂರಿನಲ್ಲಿ ಸ್ವಂತ ಶೆಡ್ಡು ಹಾಕಿದಾಗ ಮೊದಲು ಜೀಪು ಬಿಟ್ಟವರೇ ಪರಮಶಿವಯ್ಯನವರು. ಈಗ ದಿನಕ್ಕೆ ನಾಲ್ಕೋ ಐದೋ ಗಾಡಿ ಬರುತ್ತವೆ. ಜೀಪು, ಟ್ರ್ಯಾಕ್ಟರು, ಕೊಬ್ಬರಿ ಮೂಟೆ ಹೊತ್ತು ಸೊಂಟ ಮುರಿದ ಟೆಂಪೋ.

ಟರ್ಬೊ ಎಂದರೇನು ಎಂದು ಕೇಳಿದರೆ ಅಪ್ಪನ ಕುಲುಮೆಗೇ ಹೋಗುತ್ತಾನೆ. ತಿದಿ ಒತ್ತಿದರೆ ಕೆಂಡ ಹೇಗೆ ಕೆರಳುತ್ತದೋ ಹಾಗೆ ಎಂಜಿನ್ನಿಗೂ ಗಾಳಿ ತುರುಕಿದರೆ ಬಲ ಬರುತ್ತದೆ. ಅಲ್ಲಿ ಒತ್ತುವುದಕ್ಕೆ ಆಳು ಬೇಕು. ಇಲ್ಲಿ ಎಂಜಿನ್ ಬಿಟ್ಟ ಹೊಗೆಯೇ ಒಂದು ಫ್ಯಾನನ್ನು ತಿರುಗಿಸುತ್ತದೆ, ಅದರ ಜೋಡಿ ಫ್ಯಾನು ಗಾಳಿ ಎಳೆದು ಒಳಗೆ ತುಂಬುತ್ತದೆ. ಆ ಫ್ಯಾನು ತಿರುಗುವ ವೇಗಕ್ಕೆ ಒಂದು ಹರಳು ಮರಳು ಸಿಕ್ಕರೂ ರೆಕ್ಕೆ ಉಳಿಯುವುದಿಲ್ಲ. ಇದನ್ನು ಹೇಳುವಾಗಲಂತೂ ಮಾಯಣ್ಣನ ಕಣ್ಣು ನೆಲದ ಮೇಲಿರುತ್ತದೆ.

ಮಾಡಿದ ಕೆಲಸ ಕಡಿಮೆಯೇನಲ್ಲ. ತೋಟದ ಬದುಗಳಿಗೆ ಹೊಟ್ಟೆ ತಾಗದಿರಲೆಂದು ಸ್ಪ್ರಿಂಗು ಎತ್ತರಿಸಿದ್ದಾನೆ. ಎಣ್ಣೆ ಡ್ರಮ್ಮಿನ ತಗಡು ಬಡಿದು ಎಂಜಿನ್ನಿನ ಅಡಿಗೆ ಕವಚ ಕಟ್ಟಿದ್ದಾನೆ. ನಮ್ಮಲ್ಲಿ ಮುಂದಕ್ಕೆ ಹೊಸ ಟೈರು, ಹಿಂದಕ್ಕೆ ಸವೆದದ್ದಕ್ಕೆ ರಬ್ಬರು ಮೆತ್ತಿದ ರೀಸೋಲು ಹಾಕುವುದು ರೂಢಿ. ನಾಲ್ಕೂ ಚಕ್ರ ಎಳೆಯುವ ಗಾಡಿಗೆ ಹಾಗೆ ಮಾಡಿದರೆ ಒಳಗಿನ ಗೇರುಗಳು ಒಂದನ್ನೊಂದು ಕಿತ್ತಾಡಿ ಸಾಯುತ್ತವೆ ಎಂದು ಪರಮಶಿವಯ್ಯನವರ ಜೊತೆ ಜಗಳವಾಡಿ ನಾಲ್ಕನ್ನೂ ಒಂದೇ ಸಮ ಹಾಕಿಸಿದವನು ಇವನೇ.

ಪರಮಶಿವಯ್ಯನವರಿಗೋ ಆ ಕಾರೆಂದರೆ ಪ್ರಾಣ. ಡ್ರೈವರನ್ನು ಇಟ್ಟುಕೊಳ್ಳದೆ ತಾವೇ ಓಡಿಸುತ್ತಿದ್ದರು. ಎಲೆಅಡಿಕೆಯ ಲೆಕ್ಕವನ್ನು ಮಾಯಣ್ಣ ಕಲಿಸಿದ್ದು ಅವರಿಗೇ. ಮಂಡಿಯ ಮುಂದೆ ಗಾಡಿ ನಿಲ್ಲಿಸಿ, ಎಂಜಿನ್ ಓಡುತ್ತಿರಲು ಬಿಟ್ಟು, ಒಳಗೆ ಕೂತು ನೆಮ್ಮದಿಯಾಗಿ ಅಗಿಯುತ್ತಿದ್ದರು. ಯಾರು ಕರೆದರೂ ಅಗಿದು ಮುಗಿಯುವ ತನಕ ಇಳಿಯುತ್ತಿರಲಿಲ್ಲ.

ಎಂಬತ್ತಾರರ ಮಾಘದಲ್ಲಿ ಕಾರು ಓಟದ ಪಂದ್ಯ ಬಂತು. ತಿಪಟೂರಿನಿಂದ ಹೊರಟು ಚಿಕ್ಕನಾಯಕನಹಳ್ಳಿ, ಹುಳಿಯಾರು ಸುತ್ತಿ ವಾಪಸು ಬರಬೇಕು, ಅರ್ಧ ದಾರಿ ಮಣ್ಣಿನದೇ. ಬೆಂಗಳೂರಿನಿಂದಲೂ ಗಾಡಿಗಳು ಬರುತ್ತವೆಂದು ಸುದ್ದಿ. ಪರಮಶಿವಯ್ಯನವರು ಹೆಸರು ಕೊಟ್ಟೇಬಿಟ್ಟರು. ಆದರೆ ಕಾರಿನ ಗಾಳಿ ಸೋಸುವ ಕಾಗದದ ಫಿಲ್ಟರು ನಮ್ಮ ಕೆಂಪು ಧೂಳು ಕುಡಿದು ಕುಡಿದು ಇಟ್ಟಿಗೆಯಂತಾಗಿತ್ತು. ಹೊಸದು ಬೆಂಗಳೂರಿನಲ್ಲಿ ಇಲ್ಲ, ಮದ್ರಾಸಿನಲ್ಲೂ ಇಲ್ಲ.

ಹೇಳಿಕೇಳಿ ತೆಂಗಿನ ಸೀಮೆ. ಇಲ್ಲಿ ಜೀಪಿನ ಫಿಲ್ಟರು ಹಾಳಾದರೆ ಯಾರೂ ಅಂಗಡಿಗೆ ಹೋಗುವುದಿಲ್ಲ. ತೆಂಗಿನ ನಾರನ್ನು ತೊಳೆದು, ಆಯಿಲ್ಲಿನಲ್ಲಿ ಅದ್ದಿ, ಡಬ್ಬಿಗೆ ತುಂಬುತ್ತಾರೆ. ಧೂಳು ಎಣ್ಣೆಗೆ ಅಂಟಿ ನಿಲ್ಲುತ್ತದೆ. ಮಾಯಣ್ಣ ನಾರು ತುಂಬಿದ ಜೀಪುಗಳು ತುರುವೇಕೆರೆ ತನಕ ಓಡುತ್ತಿವೆ, ಒಂದೂ ಕೈಕೊಟ್ಟಿಲ್ಲ. ಇದಕ್ಕೂ ಅದನ್ನೇ ಮಾಡಿದ. ಹೆಂಡತಿ ಚಿಕ್ಕಗೌರಮ್ಮ ಮನೆಯಲ್ಲಿ ಹಗ್ಗ ಹೊಸೆಯುವವಳು. ಆಕೆಯೇ ಒಳ್ಳೆ ನಾರು ಆರಿಸಿ, ಮಗಳ ತಲೆ ಬಾಚಿದ ಹಾಗೆ ಬಾಚಿ ಕೊಟ್ಟಳು. ಮೇಲೊಂದು ತಂತಿ ಜಾಲರಿ ಬಿಗಿದ.

ಜೀಪು ಗಾಳಿಯನ್ನು ಮೆಲ್ಲಗೆ ಎಳೆದುಕೊಳ್ಳುತ್ತದೆ, ಟರ್ಬೊ ಕಿತ್ತುಕೊಳ್ಳುತ್ತದೆ. ಅಷ್ಟೇ ವ್ಯತ್ಯಾಸ. ಆ ಅಷ್ಟನ್ನು ಮಾಯಣ್ಣ ಯೋಚಿಸಲಿಲ್ಲ.

ಹುಳಿಯಾರಿನ ತನಕ ಬುಸ್‌ಕಾರೇ ಮುಂದೆ. ಕೆಂಕೆರೆ ದಾಟಿ ಮಣ್ಣು ದಾರಿಯಲ್ಲಿ ಪೂರ್ತಿ ಕಾಲು ಒತ್ತಿದಾಗ ಒಳಗೇನೋ ಸಿಳ್ಳೆ ಹಾಕಿತು, ಚಟಾರನೆ ಸಿಡಿಯಿತು, ಹಿಂದೆ ಬಿಳಿ ಹೊಗೆ. ಅಲ್ಲಿಗೆ ಮುಗಿಯಿತು. ಟ್ರ್ಯಾಕ್ಟರಿಗೆ ತೆಂಗಿನ ಹಗ್ಗ ಕಟ್ಟಿ ತಿಪಟೂರಿನ ನಡುಬೀದಿಯಲ್ಲಿ ಎಳೆದು ತಂದರು. ಗೆದ್ದವನಿಗೆ ಹಾರ ಹಾಕಲು ನಿಂತಿದ್ದ ಜನವೆಲ್ಲ ಅದನ್ನು ನೋಡಿತು.

ಮಾರನೆ ಬೆಳಿಗ್ಗೆ ಶೆಡ್ಡಿನಲ್ಲಿ ಮಾಯಣ್ಣ, ಪರಮಶಿವಯ್ಯನವರು ಇಬ್ಬರೇ. ಮಾಯಣ್ಣ ಪೈಪು ಬಿಚ್ಚಿದ. ಮುರಿದ ರೆಕ್ಕೆಗಳ ನಡುವೆ ಹರಿದ ಜಾಲರಿಯ ಚೂರು, ಸುತ್ತಿಕೊಂಡ ನಾರು. ಇಬ್ಬರೂ ನೋಡಿದರು. ಅಷ್ಟರಲ್ಲಿ ಹೊರಗೆ ಮಂದಿ ಸೇರಿ, ಏನಾಗಿತ್ತು, ಯಾರ ತಪ್ಪು ಎಂದು ಕೇಳುತ್ತಾ ಒಳಗೇ ಬರುತ್ತಿದ್ದರು. ಪರಮಶಿವಯ್ಯನವರು ನಾರನ್ನು ಬೆರಳಿನಿಂದ ಕಿತ್ತು, ಮುದ್ದೆ ಮಾಡಿ, ಜುಬ್ಬದ ಜೇಬಿಗೆ ಹಾಕಿಕೊಂಡರು. ಹೊರಗೆ ಬಂದು, ಹುಳಿಯಾರಿನಲ್ಲಿ ಪಂದ್ಯದವರು ಗಾಡಿ ತಡೆದಾಗ ಕಾದ ಎಂಜಿನ್ ತಟ್ಟಂತ ಆಫ್ ಮಾಡಿಬಿಟ್ಟೆ, ಒಳಗೆ ಎಣ್ಣೆ ಸುಟ್ಟುಹೋಯಿತು, ತಪ್ಪು ನನ್ನದೇ ಎಂದರು.

ಜನ ನಂಬಿದರು. ಯಾಕೆ ನಂಬಬಾರದು? ಇಳಿಜಾರು ಕಂಡರೆ ಎಂಜಿನ್ ಆಫ್ ಮಾಡಿ ಪೆಟ್ರೋಲು ಉಳಿಸುವುದು ಇಲ್ಲಿ ಎಲ್ಲರ ಚಾಳಿ. ಪರಮಶಿವಯ್ಯನ ಜಿಪುಣತನಕ್ಕೆ ಫಾರಿನ್ ಕಾರು ಬಲಿಯಾಯಿತು ಎಂದು ನಕ್ಕರು. ನಗು ಅಲ್ಲಿಗೇ ನಿಂತಿದ್ದರೆ ಆಗುತ್ತಿತ್ತು. ಊರ ಬಾಯಿ ಗೊತ್ತಲ್ಲ, ಅದನ್ನೊಂದು ಗಾದೆ ಮಾಡಿಕೊಂಡಿತು. ಸೊಸೆ ಸಾರು ಹೊತ್ತಿಸಿದರೆ, ಆಳು ಹೊಸ ಮಡಕೆ ಒಡೆದರೆ, ಮೇಷ್ಟರು ಲೆಕ್ಕ ತಪ್ಪಿದರೆ, "ಪರಮಶಿವಯ್ಯನ ಕೈಗೆ ಸ್ಟೇರಿಂಗ್ ಕೊಟ್ಟಂಗಾಯ್ತು" ಎನ್ನುತ್ತಾರೆ. ಮಾಡಿದ್ದುಣ್ಣೋ ಮಹರಾಯ ಅನ್ನುತ್ತಾರಲ್ಲ, ಇಲ್ಲಿ ಮಾಡಿದವನೊಬ್ಬ, ಉಂಡವರು ಇನ್ನೊಬ್ಬರು.

ಮಾಯಣ್ಣ ಅವತ್ತು ಬಾಯಿ ತೆರೆಯಲಿಲ್ಲ. ಆಮೇಲೆ ಪರಮಶಿವಯ್ಯನವರ ತೋಟಕ್ಕೆ ಹೋಗಿ ಅತ್ತನಂತೆ. ಅವರು ಗದರಿದರಂತೆ. "ಬುಡ್ಲಾ. ಮೆಕ್ಯಾನಿಕ್ ಹೆಸ್ರು ಕೆಟ್ರೆ ಗಾಡಿ ಬರಲ್ಲ. ನನ್ ಹೆಸ್ರು ಕೆಟ್ರೆ ಮರದಾಗೆ ಕಾಯಿ ಬುಡೋದು ನಿಂತೋಯ್ತದಾ?" ಆ ಮಾತನ್ನು ಹೇಳುವಾಗ ಮಾಯಣ್ಣ ಹತ್ತಿಬಟ್ಟೆಯಲ್ಲಿ ಕೈ ಒರೆಸುತ್ತಲೇ ಇರುತ್ತಾನೆ. ಕೈ ಆಗಲೇ ಚೊಕ್ಕವಾಗಿದೆ.

ಅವತ್ತಿನಿಂದ ಪಟ್ಟು ಹಿಡಿದ. ಬೆಂಗಳೂರಿನ ಗುಜರಿಗಳನ್ನೆಲ್ಲ ಅಲೆದು, ಯಾವುದೋ ಹಳೇ ಜನರೇಟರಿನ ಟರ್ಬೊ ಹೊತ್ತು ತಂದ. ಕೂರಿಸುವ ಪಟ್ಟಿಯನ್ನು ಅರಳಗುಪ್ಪೆಯ ಅಪ್ಪನ ಕುಲುಮೆಯಲ್ಲೇ ಕಾಯಿಸಿ ಬಡಿದ. ಆಯಿಲ್ ಹೋಗುವ ಪೈಪು ಬೇರೆ ಎಳೆದ. ಟ್ರ್ಯಾಕ್ಟರಿನ ಕಾಗದದ ಫಿಲ್ಟರಿಗೆ ತಗಡಿನ ಪೆಟ್ಟಿಗೆ ಮಾಡಿ ಜೋಡಿಸಿದ. ಮೂರು ಸಲ ಕೆಟ್ಟಿತು, ನಾಲ್ಕನೆಯ ಸಲ ಬುಸ್ ಅಂದಿತು. ಕೂಲಿ ಕೇಳಲಿಲ್ಲ, ಕೊಟ್ಟರೂ ಮುಟ್ಟಲಿಲ್ಲ.

ಕಾರು ಸರಿಹೋಗಿ ವರ್ಷವಾಗುತ್ತಾ ಬಂತು. ಪರಮಶಿವಯ್ಯನವರು ಮಾತ್ರ ಸ್ಟೇರಿಂಗ್ ಹಿಡಿದಿಲ್ಲ. ಒಮ್ಮೆ ಹಿಡಿದಿದ್ದರು. ಬಸ್ ಸ್ಟ್ಯಾಂಡಿನ ಹತ್ತಿರ ಯಾರೋ ಗಾದೆ ಎಸೆದರು. ಅವರೂ ನಕ್ಕರು, ನೇರ ಶೆಡ್ಡಿಗೆ ಬಂದು ಕೀಲಿಯನ್ನು ಮಾಯಣ್ಣನ ಕೈಗಿಟ್ಟರು. ಅದಕ್ಕೇ ಕಾರು ಈಗ ಶೆಡ್ಡಿನಲ್ಲಿದೆ, ಅದಕ್ಕೇ ದಿನಾ ಬೆಳಿಗ್ಗೆ ಈ ಸುತ್ತು. ಮಂಡಿಗೆ ಅವರು ಜಟಕಾದಲ್ಲಿ ಹೋಗುತ್ತಾರೆ.

ಈ ಕತೆಯೆಲ್ಲ ಹೊರಬಿದ್ದದ್ದು ಹೇಗೆ ಎಂದರೆ, ನಾವು ಕೂತಿದ್ದಾಗಲೇ ಟೆಂಪೋ ರಿಪೇರಿಗೆ ಬಂದ ಜವರಪ್ಪ ಎನ್ನುವವರು ತಮ್ಮ ಹುಡುಗ ಕ್ಲಚ್ಚು ಸುಟ್ಟಿದ್ದನ್ನು ಹೇಳಿ, ಅದೇ ಗಾದೆ ಎಳೆದರು. ಮಾಯಣ್ಣ ಗಾಡಿಯ ಕೆಳಗೆ ಮಲಗಿದ್ದ. ಸ್ಪ್ಯಾನರಿನ ಸದ್ದು ನಿಂತುಹೋಯಿತು. ಜವರಪ್ಪ ಹೋದ ಮೇಲೂ ಹೊರಗೆ ಬರಲಿಲ್ಲ. ಚಿಕ್ಕಗೌರಮ್ಮ ಕಾಫಿ ತಂದವಳು ಬಗ್ಗಿ ನೋಡಿ, ತಾನೇ ಬಾಯಿ ಬಿಟ್ಟಳು. ಊರಲ್ಲಿ ಯಾರಾದರೂ ಹಾಗಂದರೆ ಗಂಡನಿಗೆ ಅವತ್ತು ಮುದ್ದೆ ಇಳಿಯುವುದಿಲ್ಲ, ತನಗೂ ಹಗ್ಗ ಹೊಸೆಯಲು ಕೂತರೆ ಕೈ ಬರುವುದಿಲ್ಲ ಎಂದಳು.

"ನಾರು ಬಾಚಿ ಕೊಟ್ಟೋಳು ನಾನು. ಮಾನ ಹೋಗಿದ್ದು ಆ ಪುಣ್ಯಾತ್ಮರದ್ದು. ನಾಚ್ಕೆ ಆಯ್ತದೆ ಕಣ್ರೀ, ಅವ್ರ ಮನೆ ಮುಂದೆ ನಡ್ಯಾಕೂ."

ಆಗ ಮಾಯಣ್ಣ ಕೆಳಗಿನಿಂದ ಬಂದ. ಹೆಂಡತಿಯನ್ನು ಬೈಯಲಿಲ್ಲ. ತನ್ನ ಬಗ್ಗೆ ಬರೆಯಬಹುದು, ಆದರೆ ಒಂದು ಷರತ್ತು ಎಂದ. ನಾರಿನ ವಿಷಯವನ್ನೂ ಬರೆಯಬೇಕು, ಇಲ್ಲವಾದರೆ ತನ್ನ ಹೆಸರೇ ಬೇಡ.

ಗಿರಾಕಿ ತಪ್ಪಿದರೆ? ಹೊಟ್ಟೆಪಾಡು? ಅವನಿಗೂ ಭಯವಿದೆ, ಇಲ್ಲ ಅನ್ನಲಿಲ್ಲ. ಒಂದಷ್ಟು ದಿನ ಜನ ಬರಲಿಕ್ಕಿಲ್ಲ, ಆಮೇಲೆ ಜೀಪು ಕೆಟ್ಟಾಗ ಬಂದೇ ಬರುತ್ತಾರೆ, ಬರದಿದ್ದರೆ ಕುಲುಮೆ ಇದೆ ಎಂದ.

ಬಿಳಿಗೆರೆಗೆ ಹೋಗಿ ಪರಮಶಿವಯ್ಯನವರನ್ನು ಕೇಳಿದರೆ ಅವರು ಕಡ್ಡಿ ತುಂಡು ಮಾಡಿದಂತೆ ಬೇಡ ಎಂದರು. ಹಳೇ ಮಾತು, ಕೆದಕಬೇಡಿ, ಎಂಜಿನ್ ಆಫ್ ಮಾಡಿದ್ದು ನಾನೇ ಎಂದರು. ಕಾಫಿ ಕೊಟ್ಟರು, ಎರಡು ಎಳನೀರು ಕೆತ್ತಿಸಿದರು, ತೋಟ ತೋರಿಸಿದರು. ಹೊರಡುವಾಗ ಗೇಟಿನ ತನಕ ಬಂದು, ಕಾರು ಈಗ ಬುಸ್ ಅನ್ನುತ್ತದಾ ಎಂದು ಮೆಲ್ಲಗೆ ಕೇಳಿದರು. ಅನ್ನುತ್ತದೆ ಎಂದಾಗ ತಲೆ ಆಡಿಸಿ ಒಳಗೆ ಹೋದರು.

ಅವರು ಬೇಡ ಎಂದದ್ದನ್ನು ಮಾಯಣ್ಣನಿಗೆ ಹೇಳಿದ್ದಾಯಿತು. ಅವನು ಎಲೆಅಡಿಕೆ ಅಗಿಯುತ್ತಾ ಕಾರಿನೊಳಗೆ ಕೂತಿದ್ದ, ಎಂಜಿನ್ ಓಡುತ್ತಿತ್ತು. ಅಗಿದು ಮುಗಿಸಿ, ಆಫ್ ಮಾಡಿ, ಇಳಿದು ಬಂದು ಮೊದಲ ಸಲ ನೇರ ಮುಖ ನೋಡಿ ಮಾತಾಡಿದ.

"ಅವ್ರು ಬ್ಯಾಡ ಅಂತಾನೇ ಅಂತಾರೆ ಸ್ವಾಮಿ, ನೀವು ಬರೀರಿ. ನಂಗೆ ಒಳ್ಳೇ ಹೆಸ್ರು ಬ್ಯಾಡ, ಫೋಟೋನೂ ಬ್ಯಾಡ. ಇನ್ಮೇಲೆ ಈ ಸೀಮೇಲಿ ಯಾರಾದ್ರೂ ಏನಾದ್ರೂ ಕೆಡಿಸ್ದಾಗ, ಮಾಯಣ್ಣನ ಕೈಗೆ ನಾರು ಕೊಟ್ಟಂಗಾಯ್ತು ಅನ್ನಲಿ. ನಮ್ಮ ಯಜಮಾನ್ರು ಮಂಡಿ ಮುಂದೆ ಗಾಡಿ ನಿಲ್ಲಿಸ್ಕಂಡು ಎಲೆಅಡಿಕೆ ಹಾಕ್ಕಳ್ಳಿ. ಅಷ್ಟೇಯ."