ಮುಚ್ಚಿದ ಡಬ್ಬಿಯ ಮುಂದೆ ಅರ್ಧ ಗಂಟೆ

ಜಪಾನಿ ತೆರಿಯಾಕಿ ಪಾರ್ಸೆಲ್ ಅಂಗಡಿಯನ್ನು ಬಿಸಿ ತುತ್ತಿನಿಂದ ಅಳೆಯಬೇಡಿ. ಬಿಸಿಯಿದ್ದಾಗ ಎಲ್ಲವೂ ರುಚಿಯೇ. ಮಗಳ ಹುಟ್ಟುಹಬ್ಬದ ಸಂಜೆ, ಮನೆಗೆ ಇಪ್ಪತ್ತು ಊಟ ಹೇಳುವ ಮುಂಚೆ, ವೇಲಚೇರಿಯ ಅಂಗಡಿಯೊಂದರಲ್ಲಿ ಸಿಹಿ-ಉಪ್ಪು ಸಾಸ್ ಸುರಿದ ಅನ್ನ-ಪನೀರಿನ ಒಂದೇ ಡಬ್ಬಿ ಪನೀರ್ ತೆರಿಯಾಕಿ ಕೊಂಡು, ಮುಚ್ಚಳ ತೆಗೆಯದೆ ಅಲ್ಲೇ ಅರ್ಧ ಗಂಟೆ ಕೂತೆ. ಮನೆ ತಲುಪಲು ಅಷ್ಟೇ ಹೊತ್ತು ಬೇಕಲ್ಲ! ಬಂದ ಗಿರಾಕಿಗಳು ನನ್ನನ್ನೂ ಡಬ್ಬಿಯನ್ನೂ ನೋಡಿ ಅನುಮಾನದಿಂದ ನಿಂತುಬಿಟ್ಟರು.

“ತಿನ್ನಿ ಸಾರ್, ಇಲ್ಲಾಂದ್ರೆ ಎದ್ದೇಳಿ, ವ್ಯಾಪಾರ ಕೆಡ್ತಿದೆ!” ಎಂದು ಅಂಗಡಿಯಾಕೆ ತಮಿಳಿನಲ್ಲಿ ಗದರಿದಳು.

“ಇನ್ನು ಹತ್ತೇ ನಿಮಿಷ ಅಮ್ಮಾ.”

ಕೊನೆಗೆ ತೆರೆದು ತಿಂದೆ. ಅನ್ನ ಮುದ್ದೆಯಾಗಿರಲಿಲ್ಲ, ಸಾಸ್ ನೀರಾಗಿರಲಿಲ್ಲ. “ಪಾಸ್!” ಎಂದು ಕೂಗಿದ್ದೇ ತಪ್ಪಾಯಿತು. ನಿಂತಿದ್ದವರೆಲ್ಲ ಕೌಂಟರಿಗೆ ಮುಗಿಬಿದ್ದರು. ನನ್ನ ಸರದಿ ಬರುವಷ್ಟರಲ್ಲಿ ಪನೀರ್ ಖಾಲಿ.

“ಟೋಫು ಇದೆ ಸಾರ್, ಸೋಯಾ ಪನೀರ್,” ಎಂದು ಆಕೆ ನಕ್ಕಳು. “ಬೇಕಿದ್ರೆ ಇನ್ನೂ ಅರ್ಧ ಗಂಟೆ ಕೂತು ನೋಡಿ.”