ನಾಲ್ಕು ಬೆರಳು ಬಟ್ಟೆ

ನಮ್ಮ ಬೀದಿಯ ಹೊಲಿಗೆ ಅಂಗಡಿಯಲ್ಲಿ ಬಟ್ಟೆಗೆ ಕತ್ತರಿ ಹಾಕುವ ಹಕ್ಕು ಒಬ್ಬರಿಗೇ. ಅವರನ್ನು ಎಲ್ಲರೂ ಮಾಸ್ಟರ್ ಎನ್ನುತ್ತಾರೆ. ಅವರ ತಮ್ಮ ಮಷಿನ್ ತುಳಿಯುತ್ತಾನೆ, ಹೆಂಡತಿ ಕಾಜಾ, ಗುಂಡಿ ನೋಡಿಕೊಳ್ಳುತ್ತಾರೆ. ಮೇಜಿನ ಮೇಲೆ ಬಟ್ಟೆ ಹರಡಿ, ಒಂದೇ ಸಲಕ್ಕೆ ಸೀಮೆಸುಣ್ಣದ ಗೆರೆ ಎಳೆದು, ಎದುರು ನಿಂತವರ ಜೊತೆ ಹರಟೆ ಹೊಡೆಯುತ್ತಲೇ ಕತ್ತರಿಸಿ ಮುಗಿಸುತ್ತಿದ್ದವರು ಮಾಸ್ಟರ್.

ಒಮ್ಮೆ ಗಿರಾಕಿಯೊಬ್ಬರ ಕೋಟಿಗೆ ಅವರು ಎರಡೂ ಎಡಗೈ ತೋಳುಗಳನ್ನೇ ಕತ್ತರಿಸಿಬಿಟ್ಟರು. ಎರಡನೆಯ ತೋಳಿಗೆ ಕಾಗದದ ಅಚ್ಚನ್ನು ಮಗುಚಿ ಇಡಲು ಮರೆತರೆ ಹೀಗಾಗುತ್ತದೆ. ಕತ್ತರಿ ಹಿಡಿದವರಲ್ಲಿ ಈ ತಪ್ಪು ಮಾಡದವರು ಕಡಿಮೆ. ಬೇರೆ ಬಟ್ಟೆ ತಂದು ಹೊಲಿದುಕೊಟ್ಟರು. ಗಿರಾಕಿ ನಕ್ಕು ಮರೆತರು. ಮಾಸ್ಟರ್ ಮರೆಯಲಿಲ್ಲ.

ಹೊಲಿಗೆಯ ಒಳಗೆ ಒಂದು ಬೆರಳಷ್ಟು ಬಟ್ಟೆ ಬಿಡುವುದು ವಾಡಿಕೆ. ಮುಂದೆ ಮೈ ಬಂದರೆ ಬಿಚ್ಚಿ ಸಡಿಲಿಸಬಹುದು. ಮಾಸ್ಟರ್ ಎರಡು ಬೆರಳು ಬಿಡತೊಡಗಿದರು, ಆಮೇಲೆ ಮೂರು. ತಮ್ಮ ಕೇಳಿದರೆ ಯಾವುದಕ್ಕೂ ಇರಲಿ ಎನ್ನುತ್ತಿದ್ದರು. ಅಳತೆಯನ್ನೂ ಹಾಗೆಯೇ, ಯಾವುದಕ್ಕೂ ಇರಲಿ ಅಂತ, ಮತ್ತೆ ಮತ್ತೆ ಹಿಡಿಯುತ್ತಿದ್ದರು. ಟೇಪು ಸವೆದು ಹೋದರೆ ಅಳತೆ ಇನ್ನೂ ತಪ್ಪುತ್ತದೆ ಅಂತ ತಮ್ಮ ಕುಟುಕಿದ. ಮೊದಮೊದಲು ಅಣ್ಣನೂ ನಗುತ್ತಿದ್ದರು. ಬರಬರುತ್ತಾ ನಗು ನಿಂತಿತು, ನಿದ್ದೆಯೂ ಹೋಯಿತು. ಕತ್ತರಿ ಕೈಗೆ ತೆಗೆದುಕೊಂಡರೆ ಎದೆ ಡವಗುಟ್ಟುತ್ತಿತ್ತು.

ಅದೇ ಹೊತ್ತಿಗೆ ಮಗಳು ವಕೀಲಿ ಓದು ಮುಗಿಸಿದಳು. ಕೋಟಿಗೆಂದು ಕಪ್ಪು ಬಟ್ಟೆಯನ್ನು ತಾನೇ ಆರಿಸಿ ತಂದು ಮೇಜಿನ ಮೇಲಿಟ್ಟು, ಮೊದಲ ದಿನ ಅಪ್ಪ ಹೊಲಿದದ್ದನ್ನೇ ಹಾಕಿಕೊಂಡು ಹೋಗುತ್ತೇನೆ ಎಂದಳು. ಬಟ್ಟೆ ಕಪಾಟು ಸೇರಿತು. ಮಾಸ್ಟರ್ ದಿನಾ ಅದನ್ನು ಹೊರತೆಗೆದು ಹರಡುತ್ತಿದ್ದರು, ಅಳೆಯುತ್ತಿದ್ದರು, ಮಡಚಿ ಒಳಗಿಡುತ್ತಿದ್ದರು. ಅವಳು ಕೋರ್ಟಿಗೆ ಹೋಗುವ ದಿನಕ್ಕೆ ಇನ್ನೆರಡೇ ತಿಂಗಳು ಉಳಿಯಿತು. ರೆಡಿಮೇಡ್ ಕೋಟು ನೋಡಿಬರಲಾ ಎಂದು ಮಗಳು ಅಮ್ಮನ ಹತ್ತಿರ ಪಿಸುಗುಟ್ಟಿದ್ದು ಮಾಸ್ಟರ್ ಕಿವಿಗೆ ಬಿತ್ತು. ಅವತ್ತು ಅವರು ಊಟದ ತಟ್ಟೆಯ ಮುಂದಿನಿಂದ ಹಾಗೇ ಎದ್ದುಹೋದರು.

ಮರುದಿನ ಹೆಂಡತಿ ಅವರನ್ನು ಮೂಲೆಯ ಕ್ಲಿನಿಕ್ಕಿಗೆ ಎಳೆದುಕೊಂಡು ಹೋದರು. ಬೀದಿಯವರಿಗೆ ಭುಜ ನೋವು ಎಂದು ಹೇಳುವ ಒಪ್ಪಂದದ ಮೇಲೆ ಮಾಸ್ಟರ್ ಹೊರಟಿದ್ದರು. ಡಾಕ್ಟರು ಎದೆ ಪರೀಕ್ಷೆ ಮಾಡಿಸಿ, ರಕ್ತ ನೋಡಿ, ಎಲ್ಲವೂ ಸರಿಯಾಗಿದೆ ಎಂದರು. ಪಟ್ಟಿ ಸುತ್ತಿ ಬಿಪಿ ನೋಡುತ್ತಿದ್ದ ಸಿಸ್ಟರ್ ಮಾತ್ರ ಮಾಸ್ಟರನ್ನು ಅಷ್ಟಕ್ಕೇ ಬಿಡಲಿಲ್ಲ. ತಮ್ಮ ಯೂನಿಫಾರ್ಮಿನ ಪಕ್ಕದ ಹೊಲಿಗೆಯನ್ನು ಹಿಡಿದು ತೋರಿಸಿದರು. ಹೋದ ತಿಂಗಳು ಮಾಸ್ಟರೇ ಕತ್ತರಿಸಿದ್ದು.

"ಒಳಗೆ ನಾಲ್ಕು ಬೆರಳು ಬಟ್ಟೆ ಇದೆ ಮಾಸ್ಟ್ರೇ. ನಾನು ಅಷ್ಟು ದಪ್ಪ ಆಗ್ತೀನಿ ಅಂತಾನಾ?"

"ಯಾವುದಕ್ಕೂ ಇರಲಿ ಅಂತ..."

"ಈ ಯಾವುದಕ್ಕೂ ಇರಲಿ ಎಷ್ಟು ದಿನದಿಂದ?"

ಹೆಂಡತಿ ಬಾಯಿ ತೆರೆಯಹೊರಟಾಗ ಸಿಸ್ಟರ್ ಕಣ್ಣಲ್ಲೇ ತಡೆದರು. ಮಾಸ್ಟರ್ ಎಡಗೈ ತೋಳುಗಳಿಂದ ಶುರುಮಾಡಿ ಎಲ್ಲವನ್ನೂ ಹೇಳಿದರು. ಪಕ್ಕದ ಕೋಣೆಯಲ್ಲಿ ಇಂಥದ್ದಕ್ಕೇ ಒಬ್ಬರು ಮೇಡಂ ಕೂರುತ್ತಾರೆ, ಮಾತಾಡಿ ಎಂದರು ಸಿಸ್ಟರ್.

"ನಂಗೆ ತಲೆ ಸರಿ ಇಲ್ಲ ಅಂತೀರಾ?"

"ತಲೆ ಸರಿಯಾಗೇ ಇದೆ. ನೀವು ಅದಕ್ಕೆ ರಜಾನೇ ಕೊಟ್ಟಿಲ್ಲ."

ಆ ಕೋಣೆಗೆ ಬೋರ್ಡಿಲ್ಲ. ಮೊದಲು ಮಾನಸಿಕ ಆರೋಗ್ಯ ಎಂದು ಬರೆದ ಬೋರ್ಡು ಇತ್ತಂತೆ, ಯಾರೂ ಒಳಗೆ ಕಾಲಿಡುತ್ತಿರಲಿಲ್ಲವಂತೆ. ಬೋರ್ಡು ತೆಗೆದು ತೂಕದ ಮಷಿನ್ನನ್ನು ಅಲ್ಲಿಗೇ ಸಾಗಿಸಿದರು. ಈಗ ಕೆಮ್ಮಿನವರೂ ಸಕ್ಕರೆ ಕಾಯಿಲೆಯವರೂ ಅದೇ ಬಾಗಿಲಿಂದ ಹೋಗಿ ಬರುತ್ತಾರೆ, ಯಾರು ಯಾತಕ್ಕೆ ಹೋದರೆಂದು ಬೆಂಚಿನ ಮೇಲಿದ್ದವರಿಗೆ ತಿಳಿಯುವುದಿಲ್ಲ. ಮಾಸ್ಟರಿಗೆ ಅರ್ಧ ಧೈರ್ಯ ಬಂದದ್ದು ಅದರಿಂದ.

ಡಾಕ್ಟರು ಮಾತ್ರೆ ಬರೆದರು. ಮೇಡಂ ಕೊಟ್ಟದ್ದು ಮನೆಗೆಲಸ. ಒಂದು ಅಳತೆಯನ್ನು ಎರಡು ಸಲಕ್ಕಿಂತ ಹೆಚ್ಚು ಹಿಡಿಯುವಂತಿಲ್ಲ, ಆಮೇಲೆ ಟೇಪು ಗೂಟಕ್ಕೆ. ಕತ್ತರಿಸಬೇಕಾದದ್ದು ಮೊದಲು ಹಳೆ ಪೇಪರು, ನಂತರ ಹರಿದ ಬೆಡ್‌ಶೀಟು. ಎದೆ ಡವಗುಟ್ಟಿದರೆ ಗುಟ್ಟಲಿ, ಕತ್ತರಿ ಕೆಳಗಿಡಬೇಡಿ, ಅದು ತಾನಾಗಿ ಇಳಿಯುತ್ತದೆ ಎಂದರು. ಇನ್ನೊಂದು ವಾರ ಬೇಕೆಂದೇ ತಪ್ಪು ಮಾಡಲು ಹೇಳಿದರು: ಒಂದು ದಿಂಬಿನ ಕವರು ಸೊಟ್ಟಗೆ ಕತ್ತರಿಸಿ ಹೊಲಿದು, ಮನೆಯಲ್ಲಿ ಬಳಸಬೇಕು. ಇಷ್ಟು ವರ್ಷದ ಕಸುಬಿನಲ್ಲಿ ಮಾಸ್ಟರಿಗೆ ಇದಕ್ಕಿಂತ ಕಷ್ಟದ ಆರ್ಡರು ಬಂದಿರಲಿಲ್ಲ. ಕತ್ತರಿಸುವಾಗ ಬೆವರಿದರು. ಹೆಂಡತಿ ಮಾತ್ರ ಕವರನ್ನು ತಮ್ಮ ದಿಂಬಿಗೇ ಹಾಕಿಕೊಂಡರು.

"ಇಷ್ಟು ದಿನ ನೆಟ್ಟಗಿರೋ ದಿಂಬಿನ ಮೇಲೆ ಮಲಗಿ ನಾನೇನು ಸಾಧಿಸಿದೆ?"

ಬೆಳಿಗ್ಗೆ ಎದ್ದು ನೋಡಿದರೆ ಕವರು ಸೊಟ್ಟಗೇ ಇತ್ತು, ಹೆಂಡತಿ ಗೊರಕೆ ಹೊಡೆಯುತ್ತಿದ್ದರು. ಮಾಸ್ಟರಿಗೆ ನಗು ಬಂತು. ತಾವು ನಕ್ಕು ಎಷ್ಟು ಕಾಲವಾಯಿತು ಎಂದು ಅವರಿಗೇ ಆಶ್ಚರ್ಯವಾಯಿತಂತೆ.

ಎಲ್ಲ ಒಂದೇ ಸಲಕ್ಕೆ ನೆಟ್ಟಗಾಗಲಿಲ್ಲ. ನಡುವೆ ಕ್ಲಿನಿಕ್ಕಿಗೆ ಹೋಗಲ್ಲ ಎಂದು ಹಟ ಹಿಡಿದದ್ದೂ ಉಂಟು. ಆದರೆ ನಿದ್ದೆ ಮರಳಿತು. ಬೀದಿಯವರು ಭುಜ ಹೇಗಿದೆ ಎಂದು ಕೇಳಿದರೆ, ಹಗುರಾಗಿದೆ ಎನ್ನುತ್ತಿದ್ದರು.

ಕೋರ್ಟಿಗೆ ಹೋಗುವ ದಿನಕ್ಕೆ ಇನ್ನೊಂದು ವಾರವಿದೆ ಎನ್ನುವಾಗ ಕಪ್ಪು ಬಟ್ಟೆ ಮೇಜಿಗೆ ಬಂತು. ತಮ್ಮ ಮಷಿನ್ ನಿಲ್ಲಿಸಿದ. ಮಗಳು ಬಾಗಿಲಲ್ಲಿ ನಿಂತವಳು ಒಳಗೆ ಬರಲಿಲ್ಲ. ಮಾಸ್ಟರ್ ಅಳೆದರು, ಇನ್ನೊಮ್ಮೆ ಅಳೆದರು. ಮೂರನೆಯ ಸಲಕ್ಕೆ ಕೈ ಹೊರಟೇಬಿಟ್ಟಿತ್ತು. ಕೈ ಅಲ್ಲೇ ನಿಂತಿತು. ಟೇಪು ಗೂಟ ಸೇರಿತು. ಅಚ್ಚನ್ನು ಮಗುಚಿ ಇಟ್ಟು ಎರಡನೆಯ ತೋಳಿಗೆ ಗೆರೆ ಎಳೆದರು. ಆಮೇಲೆ ಅಂಗಡಿಯಲ್ಲಿ ಕತ್ತರಿಯ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ.

ತೋಳುಗಳನ್ನು ಅಕ್ಕಪಕ್ಕ ಇಟ್ಟರು. ಒಂದು ಎಡ, ಒಂದು ಬಲ. ತಮ್ಮ ಮತ್ತೆ ಮಷಿನ್ ತುಳಿಯತೊಡಗಿದ.

ಕೋಟು ತೊಟ್ಟ ಮಗಳು ಕನ್ನಡಿಯ ಮುಂದೆ ತಿರುಗಿದಳು. ಪಕ್ಕದ ಹೊಲಿಗೆಯ ಒಳಗೆ ಬೆರಳಾಡಿಸಿ ಹುಬ್ಬೇರಿಸಿದಳು.

"ಅಪ್ಪಾ, ಎರಡು ಬೆರಳು ಬಿಟ್ಟಿದ್ದೀಯಲ್ಲ."

"ಕೂತು ಓದೋ ಕೆಲಸ ನಿಂದು," ಎಂದರು ಮಾಸ್ಟರ್, ಕತ್ತರಿಯನ್ನು ಬಟ್ಟೆಯಲ್ಲಿ ಒರೆಸುತ್ತಾ. "ನಿಮ್ಮಮ್ಮನ್ನ ನೋಡು. ಅಷ್ಟು ಬೇಕಾಗತ್ತೆ."

ಒಳಗಿನಿಂದ ಅಮ್ಮ ಎಸೆದ ಗುಂಡಿ ಮಾಸ್ಟರ್ ಬೆನ್ನಿಗೆ ತಗಲಿತು.