ಜುಬೇದಾಳ ರೈಲಿಗೆ ಐವತ್ತರ ವೇಗದಲ್ಲಿ

ಕಿಣತ್ತುಕಡವಿನಿಂದ ಹೊರಟಾಗ ಹತ್ತೂವರೆ ಆಗಿತ್ತು. ಕೊಯಮತ್ತೂರು ಜಂಕ್ಷನ್‌ಗೆ ಸುಮಾರು ಇಪ್ಪತ್ತೈದು ಕಿಲೋಮೀಟರ್. ಬಾಡಿಗೆ ಕಾರಿಗೆ ಎಂಟುನೂರು ರೂಪಾಯಿ. ಬಿಸಿಲು ಚುರುಗುಟ್ಟುತ್ತಿದ್ದರೂ ಪಾಲಕ್ಕಾಡಿನ ಕಡೆಯ ಗಾಳಿ ತೆಂಗಿನ ತೋಟಗಳನ್ನೆಲ್ಲ ಒಂದೇ ಸಮ ಅಲ್ಲಾಡಿಸುತ್ತಿತ್ತು.

ಜುಬೇದಾ ಮತ್ತು ನಾನು ಮಂಡ್ಯದ ಹಾಸ್ಟೆಲಿನಲ್ಲಿ ಮೂರು ವರ್ಷ ಒಂದೇ ಕೋಣೆಯಲ್ಲಿದ್ದವರು. ಅವಳ ಮದುವೆಗೆ ಬರುತ್ತೇನೆಂದು ಮಾತು ಕೊಟ್ಟು, ಕೆಲಸದ ನೆಪ ಹೇಳಿ ತಪ್ಪಿಸಿಕೊಂಡಿದ್ದೆ. ಆಮೇಲೆ ಆರು ವರ್ಷ ಮಾತಿಲ್ಲ. ನಾನು ಕಿಣತ್ತುಕಡವಿನ ತೆಂಗಿನ ನಾರಿನ ಕಾರ್ಖಾನೆಯ ಆಫೀಸಿಗೆ ಸೇರಿದ ಮೇಲೆ ದಿನವಿಡೀ ತಮಿಳೇ. ಅವಳ ಜೊತೆ ಆಡಿದ ಹರಟೆ ಎಷ್ಟೋ ಸಲ ನೆನಪಾಗುತ್ತಿತ್ತು. ಅಂದು ಬೆಳಿಗ್ಗೆ ಅವಳೇ ಫೋನು ಮಾಡಿದಳು. "ಅಮ್ಮನ ಕಣ್ಣಿನ ಆಪರೇಷನ್‌ಗೆ ಎರ್ನಾಕುಳಂಗೆ ಹೋಗ್ತಿದೀವಿ. ಹನ್ನೊಂದೂಕಾಲಿಗೆ ಕೊಯಮತ್ತೂರು. ಐದು ನಿಮಿಷ ನಿಲ್ಲುತ್ತಂತೆ. ಬರ್ತೀಯಾ?"

ಡ್ರೈವರ್ ರಂಗಸಾಮಿಗೆ ಐವತ್ತೈದರ ವಯಸ್ಸು. ತಲೆಮಾರುಗಳ ಹಿಂದೆ ಕನ್ನಡ ನಾಡಿನಿಂದ ಬಂದು ನೆಲೆಸಿದ ನೇಕಾರರ ಮನೆತನದವರು. ಹೊರಟೆ ಎಂದು ನಾನು ಜುಬೇದಾಳಿಗೆ ಫೋನಿನಲ್ಲಿ ಹೇಳಿದ್ದು ಕೇಳಿ ಅವರ ಮುಖ ಅರಳಿತು. "ನಾಂಗ್ಳೂ ಮನೇಲಿ ಕನ್ನಡಾನೇ ಅಮ್ಮಾ. ಪೇಸ್ತೀವಿ, ಓದಕ್ ಮಾತ್ರ ತೆರಿಯಾದು." ಅವರ ಕನ್ನಡದಲ್ಲಿ ಅರ್ಧ ತಮಿಳು; ಮಾತು ಬರುತ್ತದೆ, ಓದು ಬರದು ಎಂದರ್ಥ.

ಒತ್ತಕ್ಕಾಲ್ಮಂಡಪ ದಾಟಿದಾಗ ಹನ್ನೊಂದಕ್ಕೆ ಹತ್ತು ನಿಮಿಷ ಬಾಕಿ. ಎಲ್ಲ ಗಾಡಿಗಳೂ ನಮ್ಮನ್ನು ಹಿಂದೆ ಹಾಕಿ ಹೋಗುತ್ತಿದ್ದವು. ಸ್ಪೀಡೋಮೀಟರಿನ ಮುಳ್ಳು ಐವತ್ತು ಬಿಟ್ಟು ಏಳಲಿಲ್ಲ.

"ರಸ್ತೆ ಖಾಲಿ ಇದೆಯಲ್ಲ, ಸ್ವಲ್ಪ ಬೇಗ ಹೋಗಿ" ಎಂದೆ.

"ಬೋರ್ಡಲ್ಲಿ ಐವತ್ತು ಅಂತ ಪೋಟ್ಟಿದೆ ಅಮ್ಮಾ."

"ಆರು ವರ್ಷದ ಮೇಲೆ ನೋಡ್ತಿರೋದು, ಅಣ್ಣಾ."

ಅವರ ಕೈ ಸ್ಟಿಯರಿಂಗಿನ ಮೇಲೆ ಬಿಗಿಯಾಯಿತು. ಕಾರಿನ ವೇಗ ಮಾತ್ರ ಹೆಚ್ಚಲಿಲ್ಲ. ನನಗೆ ಅಳು ಬಂತು, ಸಿಟ್ಟೂ ಬಂತು.

ಸುಂದರಾಪುರದಲ್ಲಿ ನಿಂತಿದ್ದ ಬಸ್ಸಿನ ಮುಂದಿನಿಂದ ಹಳದಿ ಫ್ರಾಕಿನ ಒಂದು ಮಗು ತಾಯಿಯ ಕೈ ಕಿತ್ತುಕೊಂಡು ರಸ್ತೆಗೆ ಓಡಿಬಂತು. ರಂಗಸಾಮಿ ಬ್ರೇಕ್ ಒತ್ತಿದರು. ನನ್ನ ಹಣೆ ಮುಂದಿನ ಸೀಟಿಗೆ ಬಡಿಯಿತು. ಕಾರು ನಿಂತಾಗ ಬಾನೆಟ್ಟಿಗೂ ಮಗುವಿಗೂ ಒಂದು ಗೇಣು ಅಂತರ. ತಾಯಿ ಓಡಿಬಂದು ಅದನ್ನು ಎತ್ತಿಕೊಂಡು ಅಲ್ಲೇ ಕುಸಿದಳು. ರಂಗಸಾಮಿ ಇಳಿದು ಅವಳಿಗೆ ನೀರಿನ ಬಾಟಲಿ ಕೊಟ್ಟರು, ಮಗುವಿನ ತಲೆ ಸವರಿದರು. ಮರಳಿ ಬಂದು ಕೂತು ಅದೇ ಐವತ್ತರಲ್ಲಿ ಕಾರು ಬಿಟ್ಟರು. ಬೇಗ ಹೋಗಿ ಎನ್ನಲು ನನಗೆ ಬಾಯಿ ಬರಲಿಲ್ಲ.

ಕೊಯಮತ್ತೂರು ಜಂಕ್ಷನ್ನಿನ ಪ್ಲಾಟ್‌ಫಾರ್ಮಿಗೆ ಓಡಿದಾಗ ಹನ್ನೊಂದೂ ಇಪ್ಪತ್ತು; ರೈಲು ಚಲಿಸುತ್ತಿತ್ತು. ಬೋಗಿಯಿಂದ ಬೋಗಿಗೆ ಕಣ್ಣು ಹಾಯಿಸುತ್ತ ಜೊತೆಗೇ ಓಡಿದೆ. ಕೊನೆಯ ಬೋಗಿಯೂ ದಾಟಿತು. ಆಗ ಫೋನು ಬಂತು.

"ಓಡ್ತಿದ್ದೋಳು ನೀನೇ ತಾನೆ? ಎಷ್ಟು ಕೂಗಿದೆ! ಕೇಳಿಸ್ಲಿಲ್ವಾ?"

"ಜುಬಿ, ನಿನ್ನ ಮದುವೆಗೆ ನಾನು..."

"ಅದನ್ನ ಫೋನಲ್ಲಿ ಹೇಳ್ಬೇಡ ಕಣೆ. ಮುಖ ನೋಡಿ ಹೇಳು" ಎಂದಳು. ಅಷ್ಟರಲ್ಲಿ ಸಿಗ್ನಲ್ ಹೋಯಿತು.

ಹೊರಗೆ ರಂಗಸಾಮಿ ಕಾರಿಗೆ ಒರಗಿ ಕಾಯುತ್ತಿದ್ದರು. "ಗೆಳತೀನ ಪಾತ್ತೀರಾ ಅಮ್ಮಾ?" ಎಂದು ಅಳುಕುತ್ತಲೇ ಕೇಳಿದರು.

"ಅವಳು ನನ್ನನ್ನ ನೋಡಿದಳು ಅಣ್ಣಾ" ಎಂದೆ. "ನಾನೇ ಅವಳನ್ನ ನೋಡಲಿಲ್ಲ."